ಊರಿಗೆ ಬಂದವನಿಗೊಂದು ಹರಕೆ

ಉಪ್ಪುಂದ
16-11-2025, ಭಾನುವಾರ

ಪ್ರೀತಿಯ ಜಲಜ,

ನಿನ್ನ ಬೆನ್ನುನೋವು ಹೇಗಿದೆ? ಕ್ಲಿನಿಕ್ಕಿನಲ್ಲಿ ದಿನವಿಡೀ ನಿಂತೇ ಇರಬೇಡ, ಮಧ್ಯೆ ಮಧ್ಯೆ ಕುಳಿತುಕೋ ಎಂದು ಹೇಳಿದ್ದನ್ನು ನೀನು ಕೇಳಿರುವುದಿಲ್ಲ, ಗೊತ್ತು. ನೀನಿಲ್ಲದಿದ್ದರೆ ನಿಮ್ಮ ಡಾಕ್ಟರಮ್ಮನಿಗೆ ಹಲ್ಲು ಕೀಳುವ ಇಕ್ಕಳವೂ ಸಿಗುವುದಿಲ್ಲವಲ್ಲ! ಮೋಕ್ಷಿತಾಳ ಕೆಮ್ಮು ನಿಂತಿತಾ? ಹತ್ತನೇ ಕ್ಲಾಸು, ಹತ್ತನೇ ಕ್ಲಾಸು ಎಂದು ಹೆದರಿಸಿ ಮಗುವನ್ನು ಒಣಗಿಸಬೇಡ. ಇಲ್ಲಿ ಅಮ್ಮನಿಗೆ ಮಂಡಿನೋವು ಬಿಟ್ಟರೆ ಬೇರೆ ತೊಂದರೆಯಿಲ್ಲ, ಬಾಯಿ ಮೊದಲಿಗಿಂತ ಗಟ್ಟಿಯಾಗಿದೆ. ಬೈಂದೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಚೀಟಿ ಮಾಡಿಸಿ ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕಾದದ್ದೇ ಕಾದದ್ದು. ಮಸ್ಕತ್ತಿನಲ್ಲಾದರೆ ಇಷ್ಟು ಹೊತ್ತಿಗೆ ಮಂಡಿ ಬದಲಾಯಿಸಿ ಕಳಿಸುತ್ತಿದ್ದರು. ನನ್ನ ಆರೋಗ್ಯ ಮಾತ್ರ ಕೇಳಬೇಡ. ಮೊನ್ನೆ ಶುಕ್ರವಾರದಿಂದ ನನಗೆ ಊಟ ಸೇರುತ್ತಿಲ್ಲ, ಮತ್ತೆ ಅದು ಹೊಟ್ಟೆಯ ಕಾಯಿಲೆಯಲ್ಲ.

ಮೊಬೈಲ್ ಇರುವಾಗ ಇವರಿಗೇನು ಬಂತು, ಕಾಗದ ಬರೆಯುತ್ತಿದ್ದಾರೆ ಎಂದು ನಗಬೇಡ. ಮೊಬೈಲಿನಲ್ಲಿ ಮಾತಾಡುವಾಗ ಅಮ್ಮ ಪಕ್ಕದಲ್ಲೇ ಇರುತ್ತಾಳೆ. ಅದೂ ಅಲ್ಲದೆ, ವಿಡಿಯೋದಲ್ಲಿ ನಿನ್ನ ಮುಖ ಕಂಡ ಕೂಡಲೇ ನನ್ನ ಬಾಯಿಂದ ತಾನಾಗಿ 'ಭಾರೀ ಲಾಯ್ಕ್ ಇತ್ತ್', ಊರು ಬಹಳ ಚೆನ್ನಾಗಿದೆ ಎಂದೇ ಬರುತ್ತದೆ. ಬಂದ ದಿನದಿಂದ ನಿನಗೆ ಅದೊಂದೇ ಮಾತು ಹೇಳುತ್ತಾ ಬಂದಿದ್ದೇನೆ. ಕೆಳಮನೆಯ ಅಶೋಕ್ ರಜೆ ಮುಗಿಸಿ ಇವತ್ತಿನ ವಿಮಾನಕ್ಕೆ ಮಸ್ಕತ್ತಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಒಣಸಿಗಡಿಯ ಕಟ್ಟಿನ ಜೊತೆ ಇದನ್ನೂ ಕಳಿಸುತ್ತೇನೆ. ನೀನು ಒಂದನೇ ತಾರೀಕಿಗೆ ಕ್ಲಿನಿಕ್ಕಿನಲ್ಲಿ ರಾಜೀನಾಮೆ ಕೊಡಬೇಕಲ್ಲ, ಅದಕ್ಕೆ ಮೊದಲು ಇದು ನಿನಗೆ ಮುಟ್ಟಬೇಕು. ಇಲ್ಲಿ ನಡೆದದ್ದನ್ನು ನಿನಗೆ ಹೇಳದೆ ನಿನ್ನನ್ನು ಇಲ್ಲಿಗೆ ಕರೆಸಿಕೊಳ್ಳಲು ನನಗೆ ಮನಸ್ಸು ಬರುತ್ತಿಲ್ಲ.

ಮಳೆಗಾಲದಲ್ಲಿ ನಾನು ಬಂದು ಇಳಿದಾಗ ಊರವರೆಲ್ಲ ಎಂದಿನ ಹಾಗೆ ಕೇಳಿದರು: 'ಹ್ವಾಯ್, ಯಾವಾಗ ಬಂದದ್? ಯಾವಾಗ ಹೋಪುದ್?' ರಜೆಯಲ್ಲಿ ಬಂದಾಗಲೆಲ್ಲ ಇದನ್ನೇ ಕೇಳುತ್ತಿದ್ದರು, ನಾವೂ ತಾರೀಕು ಹೇಳುತ್ತಿದ್ದೆವು, ಅದರಲ್ಲಿ ಬೇಜಾರು ಪಡುವಂಥದ್ದೇನೂ ಇರಲಿಲ್ಲ. ಈ ಸಲ ನಾನು ಎದೆಯುಬ್ಬಿಸಿ 'ಇನ್ ಹೋಪುದಿಲ್ಲ, ಬಂದೇ ಬಿಟ್ಟೆ' ಎಂದೆ. ಜಲಜ, ನೀನು ಆ ಮುಖಗಳನ್ನು ನೋಡಬೇಕಿತ್ತು! ಸಾವಿನ ಸುದ್ದಿ ಕೇಳಿದವರ ಹಾಗಿದ್ದವು. ನಿನ್ನ ತವರಿಗೆ, ಬ್ರಹ್ಮಾವರಕ್ಕೆ ಹೋದರೆ ಅಲ್ಲೂ ಅದೇ. ಒಂದು ವಾರದೊಳಗೆ ನನ್ನ ಬಗ್ಗೆ ಊರಲ್ಲಿ ಏನೇನು ಸುದ್ದಿ ಹಬ್ಬಿತು ಗೊತ್ತಾ? ಕಂಪನಿಯವರು ಓಡಿಸಿದರಂತೆ. ಪೊಲೀಸ್ ಕೇಸಂತೆ. ಕಿಡ್ನಿ ಹೋಗಿದೆಯಂತೆ, ಅದಕ್ಕೇ ಸಾಯಲು ಬಂದದ್ದಂತೆ. ಬೊಂಬಾಯಿಯಲ್ಲಿ ಕ್ಯಾಂಟೀನು ನಡೆಸಿ ಬಂದು ಈಗ ದೇವಸ್ಥಾನದ ಕಮಿಟಿಯಲ್ಲಿರುವ ನಮ್ಮ ಭೋಜರಾಜಣ್ಣ ಇದ್ದಾರಲ್ಲ, ಅವರು ನನ್ನನ್ನು ಬದಿಗೆ ಕರೆದು ಹೆಗಲ ಮೇಲೆ ಕೈಯಿಟ್ಟು, 'ನನ್ ಹತ್ರ ಹೇಳುಕೆ ನಾಚ್ಕಿ ಎಂತಕೆ ಮಾಣಿ? ಪಾಸ್‌ಪೋರ್ಟ್ ಆದ್ರೂ ಕೈಯಗೆ ಇತ್ತಲೆ?' ಎಂದರು. ಊರು ಇಷ್ಟ, ಅದಕ್ಕೇ ಬಂದೆ ಎಂದರೆ ನಂಬಲಿಲ್ಲ ಮಾರಾಯ್ತಿ. ಪಾಪ, ತಲೆಗೂ ಏನೋ ಆಗಿದೆ ಎನ್ನುವ ಹಾಗೆ ನನ್ನನ್ನೇ ನೋಡಿದರು.

ಹೋಗಲಿ, ಬೊಂಬಾಯಿ ಕಂಡವರು ಹಾಗೆಯೇ ಎಂದುಕೊಂಡೆ. ಗುಡ್ಡನ ಕಥೆ ಕೇಳು. ನನ್ನ ಜೊತೆ ಶಾಲೆ ಬಿಟ್ಟು ದೋಣಿ ಹತ್ತಿದ ಗುಡ್ಡ. ಮಸ್ಕತ್ತಿನ ಕಿಚನ್ನಿನಲ್ಲಿ ಬೆವರು ಸುರಿಸುವಾಗ ನಾನು ಯಾರ ಬದುಕು ನೆನೆದು ಹೊಟ್ಟೆ ಉರಿದುಕೊಳ್ಳುತ್ತಿದ್ದೆನೋ ಅದೇ ಗುಡ್ಡ. ಅವನಿಗೇನು, ಬೆಳಗಾದರೆ ಕಡಲು, ಸಂಜೆಯಾದರೆ ಮನೆ, ಯಾವ ಸೂಪರ್‌ವೈಸರನಿಗೂ ಸಲಾಂ ಹೊಡೆಯಬೇಕಿಲ್ಲ ಎಂದು ನಿನ್ನ ಹತ್ತಿರ ಎಷ್ಟು ಸಲ ಹೇಳಿಲ್ಲ! ಬಂದ ಮೇಲೆ ಒಂದು ದಿನ ಕೊಡೇರಿಯ ದಕ್ಕೆಯಲ್ಲಿ, ದೋಣಿಗಳು ನಿಲ್ಲುವಲ್ಲಿ, ಬಲೆ ಸರಿ ಮಾಡುತ್ತಾ ಕುಳಿತಿದ್ದ. ಪಕ್ಕದಲ್ಲಿ ಕುಳಿತು, ನಿನ್ನಷ್ಟು ಸುಖಿ ಯಾರೂ ಇಲ್ಲ ಮಾರಾಯ ಎಂದೆ. ಅವನು ತಲೆ ಎತ್ತದೆ ಹೇಳಿದ್ದು ಇಷ್ಟು: 'ನಂಗೊಂದ್ ವೀಸಾ ಆತಾ ಕಾಣ್ ಗೋವರ್ಧನ. ಪಾತ್ರ ತೊಳು ಕೆಲ್ಸ ಆದ್ರೂ ಅಡ್ಡಿಲ್ಲ.' ಐವತ್ತರ ಗಂಡಸು, ಊರಿಗೆಲ್ಲ ಗೊತ್ತಿರುವ ಮೀನುಗಾರ, ಹೀಗೆ ಹೇಳಿದ! ನಾನು ತಮಾಷೆ ಎಂದುಕೊಂಡು ನಕ್ಕೆ. ಅವನು ನಗಲಿಲ್ಲ. ಇಷ್ಟು ವರ್ಷ ಕಡಲಿಗೆ ಇಳಿದರೂ ಕಡಲೆಂದರೆ ತನಗೆ ಹೆದರಿಕೆಯೇ ಅಂತೆ, ಬೇರೆ ದಾರಿ ಇರಲಿಲ್ಲವಂತೆ.

ಈಗ ಶುಕ್ರವಾರದ ವಿಷಯಕ್ಕೆ ಬರುತ್ತೇನೆ. ಗುರುವಾರ ಸಂಜೆ ಅಮ್ಮ, ನಾಳೆ ಅಮ್ಮನವರ ಗುಡಿಯಲ್ಲಿ ನಿನ್ನ ಹೆಸರಲ್ಲಿ ಹೂವಿನಪೂಜೆ ಇದೆ, ಮಿಂದು ಬಿಳಿ ಪಂಚೆ ಉಟ್ಟುಕೊಂಡು ಬಾ ಎಂದಳು. ನನಗೆ ಕಣ್ಣಲ್ಲಿ ನೀರು ಬಂತು. ಮಗ ಪರದೇಶದಿಂದ ಕ್ಷೇಮವಾಗಿ ಬಂದು ಸೇರಿದ ಎಂದು ಹೇಳಿಕೊಂಡ ಹರಕೆ ಇರಬೇಕು, ಪಾಪ ಮುದುಕಿ ನನ್ನ ಹತ್ತಿರ ಹೇಳದೆಯೇ ಇಟ್ಟುಕೊಂಡಿದ್ದಾಳೆ ಎಂದುಕೊಂಡೆ. ನಾನೇ ಬೈಂದೂರಿಗೆ ಹೋಗಿ ಸೇವಂತಿಗೆ, ಕನಕಾಂಬರ ತಂದೆ. ಪೂಜೆಯಾಯಿತು. ನಮ್ಮ ಗುಡಿಯ ಭಟ್ಟರು ಮಂಗಳಾರತಿಯ ಮೊದಲು ಕನ್ನಡದಲ್ಲೇ ಪ್ರಾರ್ಥನೆ ಮಾಡುತ್ತಾರಲ್ಲ, ಗುಡಿಯೆಲ್ಲ ಕೇಳುವ ಹಾಗೆ, ಆ ಹೊತ್ತಿಗೆ ನಾನು ಕಣ್ಣು ಮುಚ್ಚಿ ಕೈ ಮುಗಿದು ಮುಂದೆಯೇ ನಿಂತಿದ್ದೆ. ಭಟ್ಟರು ಶುರು ಮಾಡಿದರು: 'ಅಮ್ಮಾ ತಾಯೀ, ಗೋವರ್ಧನ ಎಂಬ ನಿನ್ನ ಕುಮಾರನು ಪರದೇಶದ ಉದ್ಯೋಗ ತಪ್ಪಿ ಊರಿನಲ್ಲಿ ಕುಳಿತಿದ್ದಾನೆ. ಬಂದಿರುವ ಅಡ್ಡಿ ಆತಂಕಗಳನ್ನೆಲ್ಲ ದೂರ ಮಾಡಿ, ಆದಷ್ಟು ಬೇಗ ಮರಳಿ ಮಸ್ಕತ್ತಿಗೆ ಹೋಗುವ ದಾರಿಯನ್ನು ನೀನೇ ತೋರಿಸಿಕೊಡಬೇಕು.' ಬೇರೆ ಯಾರದೋ ಪ್ರಾರ್ಥನೆ ಬಾಯಿತಪ್ಪಿ ಬಂತೇನೋ ಎಂದು ಕಣ್ಣು ಬಿಟ್ಟೆ. ಭಟ್ಟರು ನನ್ನನ್ನೇ ನೋಡಿ ತಲೆ ಆಡಿಸುತ್ತಿದ್ದಾರೆ. ಅಮ್ಮ ಕಣ್ಣು ಬಿಗಿಯಾಗಿ ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಾಳೆ. ಹಿಂದೆ ತಿರುಗಿದರೆ ಭೋಜರಾಜಣ್ಣ, ಅವರ ಹೆಂಡತಿ, ನಮ್ಮ ಕೇರಿಯ ಹೆಂಗಸರು, ಎಲ್ಲರೂ ಕೈಮುಗಿದು ನಿಂತಿದ್ದಾರೆ. ಹುಟ್ಟಿದ ಊರಿನವರೆಲ್ಲ ಸೇರಿ, ನನ್ನನ್ನು ಊರಿನಿಂದ ಕಳಿಸಿಕೊಡು ಎಂದು ನನ್ನ ಎದುರಿಗೇ ದೇವರನ್ನು ಬೇಡುತ್ತಿದ್ದರು ಜಲಜ. ಅದೂ ಒಳ್ಳೆಯ ಮನಸ್ಸಿನಿಂದ! ನಾನು ಏನು ಮಾಡಲಿ? ಕೈ ಮುಂದೆ ಚಾಚಿ ತೀರ್ಥ ತೆಗೆದುಕೊಂಡೆ.

ಮನೆಗೆ ಬಂದವನೇ ಕೂಗಾಡಿದೆ. ಮಗ ಊರಿಗೆ ಬಂದದ್ದು ನಿನಗೆ ಅಷ್ಟು ಭಾರವಾಯಿತಾ ಎಂದು ಕೇಳಿದೆ. ಅಮ್ಮ ಉಳಿದ ಹೂವನ್ನು ನೀರು ಚಿಮುಕಿಸಿ ಎತ್ತಿಡುತ್ತಿದ್ದಳು. ಸ್ವಲ್ಪವೂ ಅಳುಕಲಿಲ್ಲ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ, ನನ್ನ ಮಾತಿನಲ್ಲಿ ಬರೆದರೆ ಅದರ ಖಾರ ಹೋಗುತ್ತದೆ. 'ನೀ ಬಂದಲ್ಲಿಂದ ಒಂದ್ ದಿನ ಆರೂ ಊರ್ ಲಾಯ್ಕ್ ಇತ್ತ್ ಅಂದಿದ್ಯಾ ಮಗಾ? ಕರೆಂಟ್ ಹೋರೆ ಮಸ್ಕತ್, ಬಸ್ ತಡ ಆರೆ ಮಸ್ಕತ್, ಉಂಬುಕೆ ಕೂತ್ರೂ ಮಸ್ಕತ್. ನಂಗೆ ಕಿವಿ ಕೇಂಬುದಿಲ್ಯಾ? ನೀ ಅಲ್ ಇಪ್ಪತಿಗೆ ಫೋನಗೆ ನಗಾಡ್ಕಂಡ್ ಮಾತಾಡ್ತಿದ್ದೆ. ಇಲ್ ಬಂದ್ ಮೇಲೆ ನೀ ನಗಾಡಿದ್ದ್ ನಾ ಕಂಡೇ ಇಲ್ಲೆ.' ಇಷ್ಟು ಹೇಳಿ ಒಳಗೆ ಹೋಗಿ ಗಂಜಿ ಬಡಿಸಿದಳು.

ಸುಳ್ಳು ಎಂದು ಹೇಳಲು ಹೊರಟೆ, ಆಗಲಿಲ್ಲ. ಮಸ್ಕತ್ತಿನಲ್ಲಿ ಶುಕ್ರವಾರ ಬಂದರೆ ನಮ್ಮ ಟೆರೇಸಿನ ಮೇಲೆ ಊರವರೆಲ್ಲ ಸೇರುತ್ತಿದ್ದೆವಲ್ಲ, ಅಲ್ಲಿ 'ಊರಲ್ಲಾದರೆ' ಎಂದು ಶುರು ಮಾಡುವವನು ನಾನೇ. ಊರಲ್ಲಾದರೆ ಬಂಗುಡೆ ಹೀಗಿರುತ್ತದೆ, ಊರಲ್ಲಾದರೆ ಗಾಳಿ ಹಾಗೆ ಬೀಸುತ್ತದೆ. ಈಗ ಇಲ್ಲಿ ಕುಳಿತು 'ಮಸ್ಕತ್ತಿನಲ್ಲಾದರೆ' ಎನ್ನುತ್ತಿದ್ದೇನೆ, ಈ ಕಾಗದದಲ್ಲೂ ಮೇಲೆ ಒಂದು ಕಡೆ ಬರೆದಿದ್ದೇನೆ ನೋಡು. ನನಗೆ ಗೊತ್ತೇ ಆಗಲಿಲ್ಲ. ಹೌದು, ಹೆದ್ದಾರಿ ದಾಟಲು ನನಗೆ ಹೆದರಿಕೆಯಾಗುತ್ತದೆ. ಹೋಟೆಲಿನ ಲೈಸೆನ್ಸಿಗೆಂದು ಕುಂದಾಪುರದ ಆಫೀಸಿಗೆ ಅಲೆದು ಅಲೆದು ಸಾಕಾಗಿದೆ. ಮಧ್ಯಾಹ್ನದ ಸೆಕೆಗೆ ಮೈ ತುರಿಸುತ್ತದೆ, ಯಾರು ಕಂಡರೂ ಸಂಬಳ ಎಷ್ಟಿತ್ತು ಎಂದು ಕೇಳುತ್ತಾರೆ. ಆದರೆ ಬೆಳಗ್ಗೆ ಸೊಪ್ಪು ತರುವ ಹೆಂಗಸು ನನ್ನ ಅಜ್ಜಿಯ ಹೆಸರು ಹೇಳಿ 'ನೀ ಅವ್ರ್ ಮೊಮ್ಮಗ ಅಲ್ದಾ' ಎಂದಾಗ ನನಗೆ ಎಷ್ಟು ಖುಷಿಯಾಗುತ್ತದೆ! ಆ ಖುಷಿಯನ್ನು ಅಮ್ಮನ ಎದುರು ಒಂದು ಸಲವೂ ಹೇಳಲಿಲ್ಲವಲ್ಲ ಎಂದು ನಾಚಿಕೆಯಾಗುತ್ತಿದೆ. ನನಗೆ ನನ್ನ ಊರಲ್ಲಿ ಬದುಕುವುದು ಇಷ್ಟವೋ ಅಲ್ಲವೋ ಎಂದು ಯಾರಾದರೂ ಕೇಳಿದರೆ ನಗೆಯಾಡುತ್ತಿದ್ದವನು ನಾನು. ಶುಕ್ರವಾರದಿಂದ ಅದನ್ನೇ ನನ್ನನ್ನು ನಾನು ಕೇಳಿಕೊಳ್ಳುತ್ತಿದ್ದೇನೆ.

ಎರಡು ದಿನ ತಲೆ ಕೆಡಿಸಿಕೊಂಡು ಕೊನೆಗೆ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಇಲ್ಲಿ ನನಗೆ ಸರಿಹೋಗದೆ ಇರುವುದಕ್ಕೆ ಕಾರಣ ಊರಲ್ಲ, ನೀವಿಬ್ಬರೂ ಇಲ್ಲದಿರುವುದು. ಬೇರೇನೂ ಇರಲಾರದು. ನೀನು ಬಂದರೆ ಅಮ್ಮನ ಬಾಯಿಯೂ ಮುಚ್ಚುತ್ತದೆ, ಊರವರ ಬಾಯಿಯೂ ಮುಚ್ಚುತ್ತದೆ, ನನ್ನ ಮುಖವೂ ನೆಟ್ಟಗಾಗುತ್ತದೆ. ಹಾಗಾಗಿ ಒಂದನೇ ತಾರೀಕು ತಪ್ಪಿಸದೆ ರಾಜೀನಾಮೆ ಕೊಡು. ಮೋಕ್ಷಿತಾಳ ಪರೀಕ್ಷೆ ಮುಗಿಯುವುದಕ್ಕೂ ನಿನ್ನ ನೋಟೀಸಿನ ಅವಧಿ ಮುಗಿಯುವುದಕ್ಕೂ ಸರಿಯಾಗುತ್ತದೆ. ಹೆದ್ದಾರಿ ಬದಿಯಲ್ಲಿ ನಮ್ಮ ಮೀನಿನೂಟದ ಹೋಟೆಲಿಗೆ ಜಾಗ ನೋಡಿ ಮಾತಾಡಿ ಆಗಿದೆ. ಅಡುಗೆಮನೆ ನನ್ನದು, ಗಲ್ಲಾದಲ್ಲಿ ನೀನು. ನಿನ್ನಷ್ಟು ಲೆಕ್ಕ ನನಗೆ ಬರುವುದಿಲ್ಲವಲ್ಲ. ಕಾರನ್ನು ಮಾತ್ರ ಅಲ್ಲೇ ಮಾರಿಬಿಡು, ಇಲ್ಲಿಯ ರಸ್ತೆಯಲ್ಲಿ ನೀನು ಓಡಿಸುವುದು ಬೇಡ, ಎಲ್ಲಿಗೆ ಬೇಕಾದರೂ ನಾನೇ ಕರೆದುಕೊಂಡು ಹೋಗುತ್ತೇನೆ.

ಮೋಕ್ಷಿತಾಳಿಗೆ ಅಪ್ಪನ ಆಶೀರ್ವಾದ. ಚೆನ್ನಾಗಿ ಓದಲಿ, ಚೆನ್ನಾಗಿ ಉಣ್ಣಲಿ. ನಿಮ್ಮ ಡಾಕ್ಟರಮ್ಮನಿಗೆ ನನ್ನ ನಮಸ್ಕಾರ. ಅಮ್ಮ ನಿಮ್ಮಿಬ್ಬರನ್ನೂ ಹರಸಿ ಕೇಳಿದ್ದಾಳೆ. ಬೆನ್ನಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ,
ಗೋವರ್ಧನ

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು, ಹರಿದು ಬರೆಯುತ್ತಿದ್ದೇನೆ. ಅಕ್ಷರ ಹೇಗೆಂದರೆ ಹಾಗೆ ಬರುತ್ತಿದೆ. ಅಶೋಕ್ ಗೇಟಿನ ಹತ್ತಿರ ಕಾರು ನಿಲ್ಲಿಸಿ ಕಾಯುತ್ತಿದ್ದಾನೆ. ಅಮ್ಮ ಶುಕ್ರವಾರದ ಪೂಜೆಯ ಪ್ರಸಾದವನ್ನು ಬೇರೆಯೇ ಪೊಟ್ಟಣ ಕಟ್ಟಿ ಅವನ ಕೈಗೆ ಕೊಡುತ್ತಾ ಹೇಳಿದ್ದು ನನ್ನ ಕಿವಿಗೆ ಬಿತ್ತು: 'ಇದ್ ಜಲಜನ ಕೈಯಗೇ ಕೊಡ್ಕ್ ಮಾಣಿ. ಹರ್ಕಿ ಹೇಳ್ಕಂಡವ್ರಿಗೆ ಪ್ರಸಾದ ಮುಟ್ದೆ ಇದ್ರೆ ಆತಿಲ್ಲೆ.' ನಾನು ಬಾಗಿಲಲ್ಲಿ ನಿಂತದ್ದು ಕಂಡು ಅಮ್ಮ ನಾಲಿಗೆ ಕಚ್ಚಿಕೊಂಡಳು. ಒತ್ತಾಯ ಮಾಡಿದ ಮೇಲೆ, 'ನಾ ಎಂತ ಮಾಡ್ಲಿ, ಅವ್ಳ್ ಫೋನಗೆ ಅತ್ತ್ ಅತ್ತ್ ಹೇಳಿದ್ಲ್, ನಿಂಗೆ ಗೊತ್ತಾಪುಕಾಗ ಅಂದಿದ್ಲ್' ಎಂದಳು. ನನಗೆ ಗೊತ್ತಾಗಬಾರದು ಎಂದಿದ್ದೆಯಂತೆ. ಹರಕೆ ನಿನ್ನದಾ ಜಲಜ? ಗುಡಿಯಲ್ಲಿ ನಾನು ಕೈಮುಗಿದು ನಿಂತದ್ದು ನಿನ್ನ ಮಾತಿಗಾ? ಮೇಲಿನ ಪುಟಗಳನ್ನು ಹರಿದು ಬೇರೆ ಬರೆಯಲು ಹೊತ್ತಿಲ್ಲ, ಓದಿ ಬೇಕಾದರೆ ಬೈದುಬಿಡು. ಟೆರೇಸಿನ ಮೇಲೆ ನಾವು ಗಂಡಸರು ಊರು ಊರು ಎಂದು ಬಾಯಿ ಬಡಿದುಕೊಳ್ಳುವಾಗ ನೀನು ಚಹಾ ಇಟ್ಟು ಒಳಗೆ ಹೋಗುತ್ತಿದ್ದೆ. ಅದನ್ನು ನಾನು ಒಪ್ಪಿಗೆ ಎಂದುಕೊಂಡಿದ್ದೆ. ರಾಜೀನಾಮೆ ಕೊಡಬೇಡ. ಗಲ್ಲಾ, ಕಾರು, ಒಂದೂ ನಾನು ನಿನ್ನನ್ನು ಕೇಳಿ ಬರೆದದ್ದಲ್ಲ. ಈಗ ಕೇಳುತ್ತಿದ್ದೇನೆ, ನಿನಗೆ ಎಲ್ಲಿ ಬದುಕಲು ಇಷ್ಟ? ದೇವರ ಹತ್ತಿರ ಹೇಳಿದ್ದನ್ನು ನನಗೂ ಒಂದು ಸಲ ಹೇಳು.