ಅಮ್ಮ ಹೇಳಿದ ಮೂರು ಕಾಲಗಳು

ಜನವರಿ ೯, ಶುಕ್ರವಾರ

ಪ್ರೀತಿಯ ಗುಬ್ಬಿ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ನಾವಿಬ್ಬರೂ ಕ್ಷೇಮ ಎಂದು ಬರೆಯೋಣವೆಂದರೆ ಪೆನ್ನು ಮುಂದಕ್ಕೆ ಹೋಗಲಿಲ್ಲ. ತಡವಾಯಿತು, ಬೈಯಬೇಡ. ಒಂದನೇ ಕ್ಲಾಸಿನ ಮಕ್ಕಳಿಗೆ ಕಾಲಗಳ ಪಾಠ ಹೇಗೆ ಮಾಡಲಿ, ಅಮ್ಮನನ್ನು ಕೇಳಿ ಬರೆಯಿರಿ ಎಂದಿದ್ದೆ ನೀನು. ಮೂವತ್ತೊಂದು ವರ್ಷ ಅದೇ ಪಾಠ ಮಾಡಿದವಳು ಅವಳು. ನಾನು ಲೆಕ್ಕದ ಮೇಷ್ಟ್ರು. ನನಗೆ ಗೊತ್ತಿರುವುದು ಪರೀಕ್ಷೆಯ ಕಾಲ ಒಂದೇ.

ನಿನ್ನೆ ಕೇಳಿದೆ. ಸೊಪ್ಪು ಬಿಡಿಸುತ್ತಾ ಕೂತಿದ್ದವಳು ತಡವರಿಸದೆ ಹೇಳುತ್ತಾ ಹೋದಳು, ನಾನು ಬರೆದುಕೊಂಡೆ.

ಬೇಸಿಗೆಗೆ, ಅಂಗಳದಲ್ಲಿ ಒಂದು ಚೆಂಬು ನೀರು ಸುರಿದು ಒದ್ದೆಯ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯಬೇಕಂತೆ. ಕಾಲು ಗಂಟೆಗೊಮ್ಮೆ ಹೊಸ ಗೆರೆ. "ನೀರು ಎಲ್ಲಿಗೆ ಹೋಯ್ತು ಅಂತ ಮಕ್ಕಳೇ ಕೇಳೋವರೆಗೂ ಬಾಯಿ ಬಿಡಬಾರ್ದು ಅಂತ ಹೇಳಿ ಅವಳಿಗೆ. ನಿಮ್ಮ ಥರ ಮೊದಲೇ ಉತ್ತರ ಬರೆದುಬಿಟ್ರೆ ಮುಗೀತು" ಎಂದು ನನಗೂ ಒಂದು ಏಟು ಕೊಟ್ಟಳು. ಮಳೆಗಾಲಕ್ಕೆ, ಕಿಟಕಿಯಾಚೆ ಅಗಲ ಬಾಯಿಯ ಬಾಟಲಿ ಇಟ್ಟು, ಕೊನೇ ಬೆಲ್ಲಿಗೆ ಮುಂಚೆ ನೀರು ಅಳೆದು, ಅಷ್ಟೇ ಉದ್ದದ ನೀಲಿ ಕಾಗದದ ಪಟ್ಟಿಯನ್ನು ಗೋಡೆಗೆ ಅಂಟಿಸಬೇಕು. ಚಳಿಗಾಲಕ್ಕೆ ಮೂರು ಬಾಟಲಿ ಬಿಸಿನೀರು: ಒಂದಕ್ಕೆ ಉಣ್ಣೆ ಬಟ್ಟೆ, ಒಂದಕ್ಕೆ ಪೇಪರ್, ಒಂದು ಬರಿಮೈ. ಊಟವಾದ ಮೇಲೆ ಮಕ್ಕಳು ಮುಟ್ಟಿ ನೋಡಲಿ. ನೀರು ಕೈ ಸುಡದಷ್ಟೇ ಇರಲಿ ಎಂದು ಎರಡು ಸಲ ಹೇಳಿದ್ದಾಳೆ.

ಹೇಳಿ ಮುಗಿಸಿ, ಬಿಡಿಸಿದ ಸೊಪ್ಪನ್ನೆಲ್ಲ ಕಸದ ಬುಟ್ಟಿಗೆ ಸುರಿದು, ಕಡ್ಡಿಗಳನ್ನು ತೊಳೆಯಲು ಹೋದಳು.

ಇನ್ನು ನಿನ್ನಿಂದ ಮುಚ್ಚಿಡಲಾರೆ. ಕಳೆದ ತಿಂಗಳು ಎರಡು ಸಲ ಮನೆಯ ದಾರಿ ತಪ್ಪಿದಳು, ಅಂಚೆಯವನು ಕರೆದುಕೊಂಡು ಬಂದ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ, ನನಗೆ ಬೇಕಾಯಿತು. ವಯಸ್ಸಾಯಿತು, ಮರೆವು ಎಂದುಕೊಂಡು ಸುಮ್ಮನಿದ್ದೆ. ಕೊನೆಗೆ ಹೋದ ವಾರ ಡಾಕ್ಟರ ಹತ್ತಿರ ಹೋದೆವು. ಅವರ ಮೊದಲ ಪ್ರಶ್ನೆಯೇ, "ಈಗ ಯಾವ ಕಾಲ ಹೇಳಿ ಅಮ್ಮಾ?" ಸ್ವೆಟರ್ ಹಾಕಿಕೊಂಡು ಕೂತಿದ್ದಳು. ಕಿಟಕಿ ನೋಡಿದಳು, ನನ್ನ ಮುಖ ನೋಡಿದಳು. "ಬೇಸಿಗೆ ಅಲ್ವಾ?" ಎಂದಳು.

ಬುಧವಾರ ಮತ್ತೆ ಬನ್ನಿ ಎಂದರು. ನಾನು ಅದನ್ನು ಮರುಪರೀಕ್ಷೆ ಎಂದೇ ತಿಳಿದೆ. ಎಂಥೆಂಥ ದಡ್ಡರನ್ನೋ ದಡ ಹಾಯಿಸಿದವನಿಗೆ ಇದೇನು ಮಹಾ! ವಾರವಿಡೀ ಬಾಯಿಪಾಠ ಮಾಡಿಸಿದೆ. ಅದೂ ಸಾಲದೆ, ಹೊರಡುವಾಗ ಅವಳ ಅಂಗೈ ಮೇಲೆ ಪೆನ್ನಿನಲ್ಲಿ 'ಚಳಿಗಾಲ' ಎಂದು ಬರೆದೆ. ಡಾಕ್ಟರು ಕೇಳಿದ್ದೇ ತಡ, ಕೈ ಬಿಚ್ಚಿ ಅವರ ಮುಂದೆ ಹಿಡಿದಳು. "ನೋಡಿ ಡಾಕ್ಟ್ರೇ, ಇವ್ರು ನಂಗೆ ಕಾಪಿ ಹೊಡಿಯೋಕೆ ಹೇಳ್ಕೊಡ್ತಾರೆ!" ಡಾಕ್ಟರು ನಕ್ಕರು, ನಾನೂ ನಕ್ಕೆ. ಆಮೇಲೆ ನನ್ನನ್ನು ಹೊರಗೆ ಕರೆದು, "ಯಜಮಾನ್ರೇ, ಇದು ಹೇಳ್ಕೊಟ್ಟು ವಾಪಸ್ ತರೋ ಅಂಥದ್ದಲ್ಲ. ಜೊತೇಲಿರಿ, ಅಷ್ಟೇ" ಎಂದರು.

ನನಗೇನೂ ತೋಚುತ್ತಿಲ್ಲ ಮಗಳೇ. ಲೆಕ್ಕ ತಪ್ಪಿದ್ದರೆ ಅಳಿಸಿ ಮತ್ತೆ ಮಾಡಬಹುದಿತ್ತು. ಕೆಲಸಕ್ಕೆ ಸೇರಿ ಇನ್ನೂ ಆರು ತಿಂಗಳಾಗಿಲ್ಲ, ರಜೆ ಹಾಕಿ ಓಡಿಬರಬೇಡ. ಬಂದು ನೀನಾದರೂ ಏನು ಮಾಡುತ್ತೀ? ಬಾಟಲಿಯ ಪಾಠ ಮಾಡಿ, ಮಕ್ಕಳು ಏನಂದರೆಂದು ಅಮ್ಮನಿಗೇ ಬರೆ. ಓದಿ ಹೇಳುತ್ತೇನೆ.

ನಿನ್ನ ಕ್ಲಾಸು ಗಲಗಲ ಎನ್ನುತ್ತಿರಲಿ, ಗಂಟಲು ಗಟ್ಟಿಯಾಗಿರಲಿ. ನೂರು ಕಾಲ ಬಾಳು.

ನಿನ್ನ
ಅಪ್ಪ

ತಾ.ಕ.: ಒಂದು ಮಾತು ಬಿಟ್ಟಿದ್ದೇನೆ. ಮರೆತು ಬಿಟ್ಟದ್ದಲ್ಲ, ಧೈರ್ಯ ಬರಲಿಲ್ಲ. ಬುಧವಾರ ಮನೆಗೆ ಬಂದಾಗ ನನಗೆ ಸಿಟ್ಟು ನೆತ್ತಿಗೇರಿತ್ತು, ಯಾರ ಮೇಲೆಂದು ಕೇಳಬೇಡ. ನೋಟ್‌ಬುಕ್ಕನ್ನು ಅವಳ ಮುಂದೆ ಎಸೆದು, "ಈಗ ಚಳಿಗಾಲ ಅಂತ ನೂರು ಸಲ ಬರಿ. ಬರೆಯೋವರೆಗೂ ಏಳ್ಬೇಡ" ಎಂದೆ. ತನ್ನ ಜನ್ಮದಲ್ಲಿ ಒಂದು ಮಗುವಿಗೂ ಇಂಪೊಸಿಷನ್ ಕೊಟ್ಟವಳಲ್ಲ ನಿನ್ನಮ್ಮ. ಬರೆದಳು. ನೂರೂ ಬರೆದಳು, ಒಂದಕ್ಷರವೂ ಗೆರೆ ದಾಟಿರಲಿಲ್ಲ. ಆಮೇಲೆ ಎದ್ದು ನಿಂತು, ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ನನ್ನತ್ತ ಚಾಚಿದಳು.

"ಬರ್ದಾಯ್ತು ಮೇಷ್ಟ್ರೇ. ನಾನಿನ್ನು ಮನೆಗೆ ಹೋಗ್ಲಾ?"