ಅಂಗಡಿಗೆ ಬಾರದ ಸುದ್ದಿ

ಎಲೈ ಮಹಾಮಂತ್ರಿಯೇ, ಕೇಳು!

ನಾಟಕದಲ್ಲಿ ನಿನ್ನ ಮಹಾರಾಜನಾಗಿ ಮೆರೆದವನು ಈಗ ನನ್ನ ಕ್ಷೌರದಂಗಡಿಯ ಕುರ್ಚಿಯಲ್ಲಿ ಕುಸಿದು ಕೂತು ಬರೆಯುತ್ತಿದ್ದೇನೆ. ಸಿಂಹಾಸನವೆಂದು ನನಗೆ ಉಳಿದಿರುವುದು ಇದೊಂದೇ.

ಇವತ್ತು ಮಧ್ಯಾಹ್ನ ನಿನ್ನ ಅಣ್ಣ ಗಡ್ಡ ತೆಗೆಸಲು ಬಂದರು. ಗೋಡೆಯ ಟಿವಿ ಎಂದಿನಂತೆ ಅರಚುತ್ತಿತ್ತು: ಯುದ್ಧ, ಬೆಂಕಿ, ಪ್ರವಾಹ. ಎರಡು ವರ್ಷದ ಹಿಂದೆ ನೀನು ಇಲ್ಲೇ ಕೂತು, "ಅದನ್ನ ಆರಿಸೋ, ನಾಳೆ ಎಲ್ಲ ಸರಿಹೋಗುತ್ತೆ" ಎಂದಿದ್ದೆ. "ಕಣ್ಣು ಮುಚ್ಚಿ ಹಾಲು ಕುಡಿಯೋ ಬೆಕ್ಕೇ, ಲೋಕ ಹೊತ್ತಿ ಉರೀತಿದೆ, ಎದ್ದು ಹೊರಡು!" ಎಂದು ಗರ್ಜಿಸಿದ್ದೆ ನಾನು. ಗಿರಾಕಿಗಳು ಚಪ್ಪಾಳೆ ತಟ್ಟಿದರು. ನೀನು ಟವೆಲ್ ಮಡಚಿಟ್ಟು ಹೋದೆ, ಮತ್ತೆ ಬರಲಿಲ್ಲ.

ಅಣ್ಣನ ಕೆನ್ನೆಗೆ ನೊರೆ ಹಚ್ಚುತ್ತಾ ಕೇಳಿದೆ, "ಅಣ್ಣಾ, ನಮ್ಮ ಮಂತ್ರಿಗಳು ಹೇಗಿದ್ದಾರೆ? ಲೋಕ ಸರಿಹೋಗುತ್ತೆ ಅಂತ ಇನ್ನೂ ಕಾಯ್ತಿದ್ದಾರಾ?"

ಅವರು ಕನ್ನಡಿಯಲ್ಲಿ ನನ್ನನ್ನೇ ನೋಡಿದರು. "ಪ್ರಪಂಚದ ಸುದ್ದಿಯೆಲ್ಲ ಕೇಳ್ತೀಯಲ್ಲೋ. ಅವನು ತೀರಿಕೊಂಡು ಮೂರು ತಿಂಗಳಾಯ್ತು."

ಅವರೇ ಮುಂದುವರಿಸಿದರು.

"ಹಾಸಿಗೆ ಹಿಡಿದ್ಮೇಲೆ ಬೇರೆ ಯಾರ ಕೈಲೂ ಗಡ್ಡ ಮುಟ್ಟಿಸ್ಲಿಲ್ಲ. ನಿನ್ನ ಕರೆಸೋಕೂ ಬಿಡ್ಲಿಲ್ಲ. 'ಮಹಾರಾಜ ತಾನಾಗೇ ಬರ್ತಾನೆ, ನಾಳೆ ಬರ್ತಾನೆ' ಅಂತಿದ್ದ. ದಿನಾ ಅದೇ ಮಾತು."

ಬ್ರಷ್ ಕೆಳಗಿಟ್ಟು ಹೋಗಿ ಟಿವಿ ಆರಿಸಿದೆ. ಬೆಂಚಿನಲ್ಲಿ ಕಾಯುತ್ತಿದ್ದ ಗಿರಾಕಿ ರೇಗಿದ, "ಏನ್ರೀ ಇದು, ಯಾವ್ದೋ ದೊಡ್ಡ ಸುದ್ದಿ ಬರ್ತಿತ್ತು!"

"ಬಂತು" ಎಂದೆ.

ಮೈಕಿಲ್ಲದೆ ಎರಡು ಸಾವಿರ ಜನರಿಗೆ ಕೇಳಿಸುತ್ತಿದ್ದ ಗಂಟಲು ನನ್ನದು. ಮಾರು ದೂರದಲ್ಲಿದ್ದ ಅವನಿಗೆ ಕೇಳಿಸಲಿಲ್ಲ.

"ಏನಂದ್ರಿ?" ಎಂದ.