ಹಸಿರು ದೀಪದ ಮನೆಯ ಬಸುರಿ

ಗದಗ, ಫೆಬ್ರವರಿ ಮೂವತ್ತು, ೨೧೯೧

ಹಿಂದಿನ ಕಾಲದಲ್ಲಿರುವ, ಒಂಬತ್ತು ತಿಂಗಳು ತುಂಬಿದ ನನ್ನ ಹಿರಿಯಕ್ಕನಿಗೆ,

ತಾರೀಕು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ವರ್ಷದಲ್ಲಿ ಉಳಿದ ದಿನಗಳು ಹಬ್ಬಕ್ಕೆ. ನಮ್ಮ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ.

ಹೊಟ್ಟೆಯಲ್ಲಿ ಕೂಸು ತೇಲುವ ನೀರು ಎಷ್ಟಿದೆಯೆಂದು ತಿಳಿಯಲು ನಿಮ್ಮ ಕಾಲದಲ್ಲಿ ನೀವು ಸ್ಕ್ಯಾನಿಂಗ್ ಕೋಣೆಯ ಮುಂದೆ ಕಾಯುತ್ತೀರಂತೆ. ಕಡಿಮೆ ಎಂದರೆ ಮನೆಮಂದಿಯೆಲ್ಲ ಎಳನೀರು ಹಿಡಿದು ಓಡಾಡುತ್ತಾರಂತೆ. ನಮಗೆ ಆ ಕಾಯುವಿಕೆಯಿಲ್ಲ. ಕುಬಸದ, ಅಂದರೆ ಸೀಮಂತದ, ದಿನವೇ ಬಸುರಿಯ ಹೊಟ್ಟೆಗೆ ನೀರಪಟ್ಟಿ ಕಟ್ಟುತ್ತಾರೆ. ಅದು ಹಗಲಿರುಳೂ ಒಳಗಿನ ನೀರನ್ನು ಅಳೆದು ಬಾಗಿಲ ಮೇಲಿನ ಕುಬಸದೀಪಕ್ಕೆ ಸುದ್ದಿ ಕಳಿಸುತ್ತದೆ. ಸಾಕಷ್ಟಿದ್ದರೆ ಹಸಿರು, ಕಡಿಮೆಯಾದರೆ ಹಳದಿ. ಎಷ್ಟೋ ಕೂಸುಗಳನ್ನು ಆ ದೀಪ ಉಳಿಸಿದೆ, ಅದನ್ನು ಹಳಿಯಲಾರೆ. ಆದರೆ ಯಂತ್ರ ಹೊಸದಾದರೂ ಬಾಯಿ ಮುಚ್ಚಿಸುವ ಬುದ್ಧಿ ಹಳೆಯದೇ. ದೀಪ ಹಸಿರಿರುವ ಮನೆಯಲ್ಲಿ ಬಸುರಿ ಅಳುಕಿನ ಮಾತಾಡಿದರೆ ಅಪಶಕುನ ಎಂಬ ರೂಢಿ ಬಂದುಬಿಟ್ಟಿದೆ.

ಹೋದ ವಾರ ನನ್ನ ಕೂಸು ಒದೆಯುವುದನ್ನು ನಿಲ್ಲಿಸಿತು. ಊಟ ಮಾಡಿದೆ, ಎಡಮಗ್ಗುಲಾಗಿ ಮಲಗಿದೆ, ಹೊಟ್ಟೆ ಸವರಿ ಕರೆದೆ. ಏನೂ ಇಲ್ಲ. ಪಡಸಾಲೆಯಲ್ಲಿ ನೆರೆಯವರು ಹಸಿರು ದೀಪ ನೋಡಿ ನನ್ನನ್ನು ಪುಣ್ಯವಂತೆ ಎನ್ನುತ್ತಿದ್ದರು. ನನಗೋ ಭಯ, ಆದರೂ ಅಷ್ಟು ಜನರ ಮುಂದೆ ಹೇಳಲು ಬಾಯಿ ಬರಲಿಲ್ಲ. ಕಡೆಗೆ ಅತ್ತೆ ಶಂಕ್ರವ್ವನನ್ನು ಅಡುಗೆಮನೆಗೆ ಕರೆದೆ.

“ಕೂಸು ಮುಂಜಾನಿಂದ ಮಿಸುಕವಲ್ದ್ರಿ ಅತ್ತಿ.”

ಅವರು ದೀಪದ ಸುದ್ದಿಯನ್ನೇ ಎತ್ತಲಿಲ್ಲ.

“ಹೊಟ್ಟಿ ನಿಂದು, ದೀಪದ್ದಲ್ಲ. ನಡಿ, ದವಾಖಾನಿಗೆ ಹೋಗೂಣು,” ಎಂದು ಚಪ್ಪಲಿ ಮೆಟ್ಟಿಯೇಬಿಟ್ಟರು.

ಆಸ್ಪತ್ರೆಯಲ್ಲಿ ನೋಡಿದರೆ ನೀರು ಸರಿಯಾಗಿಯೇ ಇತ್ತು, ಪಟ್ಟಿ ಸುಳ್ಳು ಹೇಳಿರಲಿಲ್ಲ. ಕೂಸಿನ ಎದೆಬಡಿತ ಮಾತ್ರ ಇಳಿಯುತ್ತಿತ್ತು. ಕೂಡಲೇ ಆಪರೇಷನ್ ಮಾಡಿ ಹೊರತೆಗೆದರು. ಸಂಜೆಯವರೆಗೆ ಸುಮ್ಮನಿದ್ದಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರಮ್ಮ ಆಮೇಲೆ ಹೇಳಿದರು. ಅದನ್ನು ಕೇಳಿ ಅತ್ತೆಯೂ ನಾನೂ ತಬ್ಬಿಕೊಂಡು ಅತ್ತೆವು.

ಅಕ್ಕಾ, ನೀರು ಅಳೆಸಿಕೊಳ್ಳಿ, ಡಾಕ್ಟರ ಮಾತು ಕೇಳಿ. ಆದರೆ ಕೂಸಿನ ಆಟ ಕಡಿಮೆಯಾಯಿತು ಅನಿಸಿದರೆ, ವರದಿ ಚೆನ್ನಾಗಿದೆಯಲ್ಲ ಎಂದು ಕೂರಬೇಡಿ. ಆಗಲೇ ಹೋಗಿ ತೋರಿಸಿ. ಬರೀ ಅನುಮಾನವಾಗಿದ್ದರೆ ನಕ್ಕು ಮನೆಗೆ ಬಂದರಾಯಿತು. ನಿಮ್ಮ ಹೊಟ್ಟೆಯೊಳಗಿನ ಸುದ್ದಿ ಮೊದಲು ತಿಳಿಯುವುದು ನಿಮಗೇ.

ಇಗೋ, ಮಗಳು ಎದ್ದು ಓಣಿಯೆಲ್ಲ ಕೇಳುವಂತೆ ಅಳುತ್ತಿದ್ದಾಳೆ. ಅವಳಿಗೆ ಯಾರೂ ‘ಸುಮ್ಮನಿರು’ ಅನ್ನಕೂಡದೆಂದು ಮನೆಯಲ್ಲಿ ಹೇಳಿಬಿಟ್ಟಿದ್ದೇನೆ.

ನಿಮ್ಮ ತಂಗಿ,
ಬಸಲಿಂಗವ್ವ